ಒಪ್ಪಿಗೆ ಕೇಳಬೇಕಾದದ್ದು ಯಾವಾಗ?

ಮೆಲ್ಬರ್ನ್‌ನ ನಿಮ್ಮ ಕಚೇರಿ ಮೂಲನಿವಾಸಿಗಳೊಂದಿಗಿನ ಸಾಮರಸ್ಯಕ್ಕಾಗಿ ಕ್ರಿಯಾಯೋಜನೆ ರೂಪಿಸುತ್ತಿದೆಯೆಂದೂ, ಸಭೆಯ ಆರಂಭದಲ್ಲಿ ನೆಲದ ಮೂಲ ಒಡೆಯರನ್ನು ಸ್ಮರಿಸುವುದರ ಆಚೆಗೆ ಏನು ಮಾಡಬಹುದೆಂದೂ ಕೇಳಿದ್ದೀರಿ. ಆ ಸ್ಮರಣೆ ಬೇಡವೆಂದಲ್ಲ. ಆದರೆ ಅದರಿಂದ ಸಂಸ್ಥೆಗೆ ಒಂದು ಪೈಸೆಯೂ ಖರ್ಚಾಗುವುದಿಲ್ಲ.

ಗಣಿ ಕಂಪನಿ ರಿಯೊ ಟಿಂಟೊದ ಕ್ರಿಯಾಯೋಜನೆಗೆ ಅತ್ಯುನ್ನತವಾದ ‘ಎಲಿವೇಟ್’ ದರ್ಜೆಯಿತ್ತು. ಆದರೂ 2020ರ ಮೇ ತಿಂಗಳಲ್ಲಿ ಅದು ಕಬ್ಬಿಣದ ಅದಿರಿಗಾಗಿ, ಸುಮಾರು 46,000 ವರ್ಷಗಳಷ್ಟು ಹಿಂದಿನ ಮಾನವ ವಾಸದ ಕುರುಹುಗಳಿದ್ದ ಪಶ್ಚಿಮ ಆಸ್ಟ್ರೇಲಿಯಾದ ಜುಕನ್ ಗಾರ್ಜ್‌ ಕಮರಿಯ ಗುಹೆಗಳನ್ನು, ಅಲ್ಲಿನ ಪುಟು ಕುಂಟಿ ಕುರಾಮ ಮತ್ತು ಪಿನಿಕುರ ಜನರ ಕೊನೆಯ ಗಳಿಗೆಯ ಮನವಿಯನ್ನೂ ಮೀರಿ ಸ್ಫೋಟಿಸಿತು. 2013ರಲ್ಲೇ ಪಡೆದ ಸರ್ಕಾರಿ ಅನುಮತಿ ಅದರ ಕೈಯಲ್ಲಿತ್ತು. ಕಾನೂನಿನ ಪ್ರಕಾರ ಎಲ್ಲವೂ ಸರಿಯೇ! ಇಂತಹ ಕ್ರಿಯಾಯೋಜನೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ರಿಕನ್ಸಿಲಿಯೇಷನ್ ಆಸ್ಟ್ರೇಲಿಯಾ ತನ್ನ ಮಾನ್ಯತೆಯನ್ನು ಹಿಂಪಡೆಯಿತು, ಕಂಪನಿಯ ಮುಖ್ಯಾಧಿಕಾರಿಯೂ ಹುದ್ದೆ ಬಿಟ್ಟರು, ಆದರೆ ಗುಹೆಗಳು ಮರಳಲಿಲ್ಲ.

ಆದ್ದರಿಂದ ನಿಮ್ಮ ಕರಡಿನಲ್ಲಿ ನಾನು ಮೊದಲು ಹುಡುಕುವುದು, ಸ್ಥಳೀಯ ಸಮುದಾಯವು ‘ಬೇಡ’ ಎಂದರೆ ಸಂಸ್ಥೆ ನಿಜಕ್ಕೂ ನಿಲ್ಲುತ್ತದೆಯೇ ಎಂಬ ಮಾತನ್ನು. ನಿರ್ಧಾರವಾದ ಮೇಲೆ ನಡೆಸುವ ಸಮಾಲೋಚನೆ ಬರೀ ತಿಳಿವಳಿಕೆ ಪತ್ರವಷ್ಟೇ. ಖರೀದಿಯ ಒಂದು ಪಾಲನ್ನು ಮೂಲನಿವಾಸಿ ಉದ್ಯಮಗಳ ಪಟ್ಟಿ ಇಡುವ ಸಂಸ್ಥೆಯಾದ ಸಪ್ಲೈ ನೇಷನ್‌ನಲ್ಲಿ ನೋಂದಾಯಿತವಾದ ಮೂಲನಿವಾಸಿ ಉದ್ಯಮಗಳಿಗೆ ಮೀಸಲಿಡಿ. ಸಲಹೆ ನೀಡುವ ಮೂಲನಿವಾಸಿ ಹಿರಿಯರಿಗೆ ಬೇರೆ ಯಾವ ಸಲಹೆಗಾರರಿಗೂ ಕೊಡುವಂತೆಯೇ ಸಂಭಾವನೆ ಕೊಡಿ. ಗುರಿ ತಲುಪದಿದ್ದರೆ ಯಾವ ಅಧಿಕಾರಿ ಉತ್ತರಿಸಬೇಕೆಂಬುದನ್ನೂ ಕರಡಿನಲ್ಲೇ ಬರೆಯಿರಿ.