ಪುಡಿಯಾಗುವ ಬಾಟಲಿ, ತುಂಬಿ ಬರುವ ಬಾಟಲಿ

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ನಮಗೆ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಮಗ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಇದ್ದಾನೆ. ಮೇಷ್ಟ್ರು ಅಲ್ಲಿ ಮೂರು ತಿಂಗಳು ಇದ್ದು ಬಂದಿದ್ದಾರೆ. ಖಾಲಿ ನೀರಿನ ಬಾಟಲಿಗಳನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗಿ ಸೂಪರ್ ಮಾರ್ಕೆಟ್ಟಿನ ಯಂತ್ರಕ್ಕೆ ಹಾಕುವ ಕೆಲಸ ಅವರದಾಗಿತ್ತು. ಕೊಳ್ಳುವಾಗ ಕಟ್ಟಿದ ಡೆಪಾಸಿಟ್, ಒಂದು ಬಾಟಲಿಗೆ 25 ಸೆಂಟ್, ವಾಪಸ್. ಒಂದು ದಿನ ಯಂತ್ರ ಸಿಕ್ಕಿಹಾಕಿಕೊಂಡಿತು. ಅಂಗಡಿಯವರು ಬಂದು ಬಾಗಿಲು ತೆಗೆದರು. ಒಳಗೆ ನೋಡಿದರೆ ಬಾಟಲಿಗಳೆಲ್ಲ ಅಪ್ಪಚ್ಚಿ! ಅವರ ಪ್ರಶ್ನೆ ಇದು: "ಹೋದ ಸಂಚಿಕೆಯಲ್ಲಿ ಜರ್ಮನಿಯ ಬಾಟಲಿ ಮರುಬಳಕೆಯನ್ನು ಅಷ್ಟೊಂದು ಹೊಗಳಿದ್ದಿರಿ. ಅಪ್ಪಚ್ಚಿ ಮಾಡುವುದು ಯಾವ ಸೀಮೆಯ ಮರುಬಳಕೆ? ನಮ್ಮೂರ ಸೋಡಾ ಅಂಗಡಿಯವನು ಬಾಟಲಿ ತೊಳೆದು ತುಂಬುತ್ತಿದ್ದನಲ್ಲ, ಅದಕ್ಕಿಂತ ಇದು ಹೇಗೆ ಮೇಲು? ಮಾರ್ಚಿನಲ್ಲಿ ಮತ್ತೆ ಹೋಗುತ್ತಿದ್ದೇನೆ. ಯಾವ ಬಾಟಲಿ ಕೊಳ್ಳಬೇಕು, ಅದನ್ನಾದರೂ ಹೇಳಿ."

ಮೇಷ್ಟ್ರೇ, ನಮಸ್ಕಾರ.

ತಪ್ಪು ನಮ್ಮದು. ಹೋದ ಸಂಚಿಕೆಯ ಲೇಖನದಲ್ಲಿ ಎರಡು ಬೇರೆ ಬೇರೆ ಕೆಲಸಗಳಿಗೆ ಒಂದೇ ಪದ ಬಳಸಿದೆವು. ಕನ್ನಡದಲ್ಲಿ ಇದು ಎಷ್ಟೋ ವರ್ಷದಿಂದ ನಡೆದು ಬಂದಿದೆ. ಬಾಟಲಿಯನ್ನು ತೊಳೆದು ಮತ್ತೆ ತುಂಬಿದರೂ ಮರುಬಳಕೆ, ಬಾಟಲಿಯನ್ನು ಪುಡಿ ಮಾಡಿ ಕರಗಿಸಿ ಬೇರೇನೋ ಮಾಡಿದರೂ ಮರುಬಳಕೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿ ಮತ್ತೆ ಒಲೆ ಮೇಲೆ ಇಡುವುದು ಬೇರೆ, ಅದೇ ಪಾತ್ರೆಯನ್ನು ಗುಜರಿಗೆ ಹಾಕುವುದು ಬೇರೆ ಅಲ್ವಾ? ಇನ್ನು ಮುಂದೆ ನಮ್ಮ ಪತ್ರಿಕೆಯಲ್ಲಿ ವಸ್ತು ಇದ್ದ ಹಾಗೇ ಮತ್ತೆ ಬಳಕೆಗೆ ಬಂದರೆ ಮಾತ್ರ 'ಮರುಬಳಕೆ' ಅನ್ನುತ್ತೇವೆ. ಕರಗಿಸಿದರೆ ಅದು 'ರೀಸೈಕ್ಲಿಂಗ್'. ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ಉದ್ದದ ಉತ್ತರ ಯಾಕೆ ಅಂತ ಬೇರೆ ಓದುಗರಿಗೆ ಅನ್ನಿಸಬಹುದು. ಈ ಎರಡನ್ನು ಬೆರೆಸಿದ್ದರಿಂದ ಯೂರೋಪಿಗೇ ಬಹಳ ನಷ್ಟವಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಜರ್ಮನ್ನರ ಹತ್ತಿರ ಎರಡು ಪದ ಇವೆ. 'ಐನ್‌ವೇಗ್', ಅಂದರೆ ಒಂದೇ ದಾರಿ. 'ಮೇರ್‌ವೇಗ್', ಅಂದರೆ ಹಲವು ದಾರಿ. ನೀವು ಯಂತ್ರಕ್ಕೆ ಹಾಕಿದ್ದು ಒಂದೇ ದಾರಿಯ ಬಾಟಲಿ. ಹೋಗುತ್ತದೆ, ಬಾಟಲಿಯಾಗಿ ಮತ್ತೆ ಬರುವುದಿಲ್ಲ. ಯಂತ್ರ ಅದನ್ನು ಅಪ್ಪಚ್ಚಿ ಮಾಡುವುದಕ್ಕೆ ಕಾರಣವೂ ಇದೆ. ಒಂದು, ಜಾಗ ಉಳಿಯುತ್ತದೆ. ಇನ್ನೊಂದು, ಅದೇ ಬಾಟಲಿಗೆ ಯಾರೂ ಎರಡು ಸಲ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಆಮೇಲೆ ಅದು ಚೂರಾಗುತ್ತದೆ. ಒಂದಿಷ್ಟು ಹೊಸ ಬಾಟಲಿಯಾಗುತ್ತದೆ, ಉಳಿದದ್ದು ಪ್ಯಾಕಿಂಗ್ ಹಾಳೆ, ಬಟ್ಟೆಯ ನೂಲು ಹೀಗೆ ಏನೇನೋ ಆಗುತ್ತದೆ. ರಸ್ತೆ ಬದಿಯಲ್ಲಿ ಬಿದ್ದಿರುವುದಕ್ಕಿಂತ ಇದು ಎಷ್ಟೋ ಮೇಲು. ಅಲ್ಲಿ ಇಂಥ ಬಾಟಲಿಗಳಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ವಾಪಸ್ ಬರುತ್ತವೆ. ಈ ಸಾಧನೆಯನ್ನು ನಾನು ಕೀಳು ಮಾಡುವುದಿಲ್ಲ. ಆದರೆ ಅದು ಮರುಬಳಕೆ ಅಲ್ಲ.

ಹಲವು ದಾರಿಯ ಬಾಟಲಿ ಹೇಗಿರುತ್ತದೆ ಅಂತ ಹೇಳುತ್ತೇನೆ. ನನ್ನ ಮೇಜಿನ ಮೇಲೆ ಒಂದು ಇದೆ. ಅಕ್ಕನ ಮಗ ಅಲ್ಲಿಂದ ಬರುವಾಗ ತಂದದ್ದು. ಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆ, 0.7 ಲೀಟರ್ ಹಿಡಿಯುವ ಗಾಜಿನ ಬಾಟಲಿ. ಕತ್ತಿನ ಸುತ್ತ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಗಾಜಿನ ಗುಳ್ಳೆಗಳು. ಅದಕ್ಕೇ ಜನ ಇದನ್ನು ಮುತ್ತಿನ ಬಾಟಲಿ ಅನ್ನುತ್ತಾರೆ. ಸೋಡಾ ನೀರಿನ ಗುಳ್ಳೆ ನೆನಪಾಗಲಿ ಅಂತ ಗುಂಟರ್ ಕುಪೆಟ್ಸ್ ಎಂಬ ವಿನ್ಯಾಸಕಾರ ಹಾಗೆ ಮಾಡಿದರು. ಬಂದದ್ದು 1969ರಲ್ಲಿ. ಬೆರಳಾಡಿಸಿದರೆ ಭುಜದ ಹತ್ತಿರ ಒಂದು ಕಡೆ, ಬುಡದ ಹತ್ತಿರ ಒಂದು ಕಡೆ ತರಿತರಿ ಸಿಗುತ್ತದೆ. ಬೆಳಕಿಗೆ ಹಿಡಿದರೆ ಎರಡು ಮಸುಕು ಬಿಳಿ ಪಟ್ಟಿ. ತುಂಬುವ ಸಾಲಿನಲ್ಲಿ ಬಾಟಲಿಗಳು ಒಂದಕ್ಕೊಂದು ಉಜ್ಜಿ ಉಜ್ಜಿ ಆದ ಗುರುತು ಅದು. ಪಟ್ಟಿ ದಪ್ಪ ಇದ್ದಷ್ಟೂ ಬಾಟಲಿ ಜಾಸ್ತಿ ಸಲ ಹೋಗಿ ಬಂದಿದೆ ಅಂತ ಅರ್ಥ. ಗಾಜಿನ ಬಾಟಲಿ 50 ಸಲದವರೆಗೂ ತುಂಬಿಸಿಕೊಳ್ಳುತ್ತದೆ. ನಮ್ಮಲ್ಲಿ ಬಿಯರ್ ಬಾಟಲಿಯ ಮೇಲೂ ಇದೇ ಪಟ್ಟಿ ಕಾಣುತ್ತದೆ, ಗುಜರಿ ಅಂಗಡಿಯವರನ್ನು ಕೇಳಿ ನೋಡಿ.

ಈ ಬಾಟಲಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಗುಳ್ಳೆಯೂ ಅಲ್ಲ, ಗಾಜೂ ಅಲ್ಲ. ಇದು ಯಾವ ಒಂದು ಕಂಪನಿಯದೂ ಅಲ್ಲ. ಜರ್ಮನಿಯ ಖನಿಜ ನೀರಿನ ಕಂಪನಿಗಳು ಸೇರಿ ಒಂದು ಸಹಕಾರ ಸಂಘ ಮಾಡಿಕೊಂಡಿವೆ. ನೂರಕ್ಕೂ ಹೆಚ್ಚು ಕಂಪನಿಗಳಿಗೆ ಇದೇ ಬಾಟಲಿ. ಬೇರೆಯಾಗುವುದು ಚೀಟಿ ಮಾತ್ರ. ಉತ್ತರದ ಊರಿನಲ್ಲಿ ತುಂಬಿದ ಬಾಟಲಿ ದಕ್ಷಿಣದಲ್ಲಿ ಖಾಲಿಯಾದರೆ ಅದನ್ನು ಉತ್ತರಕ್ಕೆ ಸಾಗಿಸಬೇಕಾಗಿಲ್ಲ. ಹತ್ತಿರದ ಕಾರ್ಖಾನೆಯೇ ಕಾಸ್ಟಿಕ್ ಸೋಡಾ ಹಾಕಿದ ಬಿಸಿ ನೀರಿನಲ್ಲಿ ತೊಳೆದು, ಕ್ಯಾಮೆರಾದಲ್ಲಿ ಬಿರುಕು ನೋಡಿ, ತನ್ನ ಚೀಟಿ ಅಂಟಿಸಿ ತುಂಬುತ್ತದೆ. ನಮ್ಮ ಗ್ಯಾಸ್ ಸಿಲಿಂಡರ್ ಇದ್ದ ಹಾಗೆ. ನಿಮ್ಮ ಮನೆಗೆ ಬಂದ ಸಿಲಿಂಡರ್ ಮೊದಲು ಯಾರ ಅಡುಗೆ ಮನೆಯಲ್ಲಿತ್ತು ಅಂತ ನೀವು ಕೇಳುವುದಿಲ್ಲ. ಡೆಪಾಸಿಟ್ ಕಟ್ಟಿದ್ದೀರಿ, ಖಾಲಿ ಕೊಟ್ಟು ತುಂಬಿದ್ದು ತೆಗೆದುಕೊಳ್ಳುತ್ತೀರಿ. ಮರುಬಳಕೆಯನ್ನು ದೊಡ್ಡದು ಮಾಡಬೇಕು ಅಂದರೆ ಮುಖ್ಯವಾದ ಗುಟ್ಟು ಇದೇ: ವಸ್ತು ಎಲ್ಲರದೂ ಆಗಿರಬೇಕು, ತೊಳೆಯುವ ಜಾಗ ಹತ್ತಿರ ಇರಬೇಕು.

ಇದು ಮುರಿದರೆ ಏನಾಗುತ್ತದೆ ಅನ್ನುವುದನ್ನು ಬಿಯರ್ ಕಂಪನಿಗಳಲ್ಲಿ ನೋಡಬಹುದು. ಅಲ್ಲಿ ಬಿಯರ್ ಇವತ್ತಿಗೂ ಬಹುಪಾಲು ಹಲವು ದಾರಿಯ ಬಾಟಲಿಯಲ್ಲೇ ಬರುತ್ತದೆ. ಆದರೆ ಕೆಲವು ಕಂಪನಿಗಳು ತಮ್ಮದು ಬೇರೆ ಕಾಣಲಿ ಅಂತ ಗಾಜಿನ ಮೇಲೆ ಹೆಸರು ಉಬ್ಬಿಸಿದವು, ಆಕಾರ ಬದಲಿಸಿದವು. ಈಗ ಒಂದು ಖಾಲಿ ಕ್ರೇಟಿನಲ್ಲಿ ನಾಲ್ಕಾರು ತರದ ಬಾಟಲಿ. ಅವನ್ನು ಆರಿಸಬೇಕು, ಲಾರಿಗೆ ಹೇರಿ ಅವರವರ ಊರಿಗೆ ಕಳಿಸಬೇಕು. ಜೊತೆಗೆ ಬಿಯರ್ ಬಾಟಲಿಯ ಡೆಪಾಸಿಟ್ ಬರೀ 8 ಸೆಂಟ್. ಹೊಸ ಬಾಟಲಿ ಕೊಳ್ಳಲು ಕಂಪನಿಗೆ ಅದಕ್ಕಿಂತ ಜಾಸ್ತಿ ಬೀಳುತ್ತದೆ. ಜನ ನೆಲಮಾಳಿಗೆಯಲ್ಲಿ ಖಾಲಿ ಕ್ರೇಟ್ ಗುಡ್ಡೆ ಹಾಕಿಕೊಂಡು ಕೂತರೆ ಕಂಪನಿಗೆ ತುಂಬಲು ಬಾಟಲಿಯೇ ಇರುವುದಿಲ್ಲ. 2018ರ ಸುಡು ಬೇಸಿಗೆಯಲ್ಲಿ ಹಾಗೇ ಆಯಿತು. ಬೋಖುಮ್ ಊರಿನ ಮೊರಿಟ್ಸ್ ಫೀಗೆ ಎಂಬ ಬಿಯರ್ ಕಂಪನಿ, ರಜೆಗೆ ಹೋಗುವ ಮೊದಲು ದಯವಿಟ್ಟು ಖಾಲಿ ಬಾಟಲಿ ವಾಪಸ್ ಕೊಟ್ಟು ಹೋಗಿ ಅಂತ ಜನರನ್ನು ಕೇಳಿಕೊಂಡಿತು.

ಈಗ ನಿಮ್ಮ 25 ಸೆಂಟಿನ ಕತೆ. ಇದು ನೋವಿನ ಕತೆ ಮೇಷ್ಟ್ರೇ. 1991ರಲ್ಲಿ ಜರ್ಮನಿ ಒಂದು ನಿಯಮ ಮಾಡಿತು. ಆಗ ಪಾನೀಯಗಳಲ್ಲಿ ನೂರಕ್ಕೆ ಸುಮಾರು 72 ಪಾಲು ಹಲವು ದಾರಿಯ ಬಾಟಲಿಗಳಲ್ಲಿ ಬರುತ್ತಿದ್ದವು. ಅದಕ್ಕಿಂತ ಕೆಳಗಿಳಿದರೆ ಬಿಸಾಡುವ ಬಾಟಲಿಗೂ ಡಬ್ಬಿಗೂ ಡೆಪಾಸಿಟ್ ಹಾಕುತ್ತೇವೆ ಅಂತ ಸರ್ಕಾರ ಎಚ್ಚರಿಸಿತು. ಇಳಿಯಿತು. 2003ರ ಜನವರಿ 1ರಿಂದ ಡೆಪಾಸಿಟ್ ಬಂತು. ಉದ್ದೇಶ ಏನು? ಬಿಸಾಡುವ ಬಾಟಲಿ ಜನರಿಗೆ ದುಬಾರಿ ಅನ್ನಿಸಲಿ, ಹಳೇ ಗಾಜಿನ ಬಾಟಲಿ ಉಳಿಯಲಿ ಅಂತ. ಆದದ್ದು ತಿರುಗುಮುರುಗು. ಸೋವಿ ಸೂಪರ್ ಮಾರ್ಕೆಟ್ಟುಗಳಿಗೆ ಪ್ಲಾಸ್ಟಿಕ್ ಬಾಟಲಿಯೇ ಅನುಕೂಲವಾಯಿತು. ಕ್ರೇಟ್ ಇಡುವ ಜಾಗ ಬೇಡ, ಆರಿಸುವ ಕೆಲಸ ಇಲ್ಲ, ಅಪ್ಪಚ್ಚಿಯಾದ ಪ್ಲಾಸ್ಟಿಕ್ಕಿಗೆ ಒಳ್ಳೆ ಬೆಲೆಯೂ ಇದೆ. ಯಾರಾದರೂ ಬಾಟಲಿ ವಾಪಸ್ ತರದಿದ್ದರೆ ಆ 25 ಸೆಂಟ್ ವ್ಯಾಪಾರಿಗಳ ಕಡೆಯೇ ಉಳಿಯುತ್ತದೆ. ಕೊಳ್ಳುವವರ ಮನಸ್ಸಿಗೂ ಸಮಾಧಾನ: ಡೆಪಾಸಿಟ್ ಇದೆ, ಯಂತ್ರಕ್ಕೆ ಹಾಕುತ್ತೇವೆ, ಅಂದ ಮೇಲೆ ಇದು ಒಳ್ಳೆಯ ಬಾಟಲಿ. ನಿಮಗೆ ಅನ್ನಿಸಿದ ಹಾಗೇ ಅಲ್ಲಿಯವರಿಗೂ ಅನ್ನಿಸಿತು. ಹಲವು ದಾರಿಯ ಪಾಲು ಈಗ ಸುಮಾರು 43ಕ್ಕೆ ಬಂದು ನಿಂತಿದೆ. ಕಾನೂನಿನಲ್ಲಿ 70 ಅಂತ ಗುರಿ ಇದೆ. ಮುಟ್ಟದಿದ್ದರೆ ಯಾರಿಗೂ ದಂಡ ಇಲ್ಲ.

ಹಾಗಂತ ಎಲ್ಲಾ ಬರೀ ತೋರಿಕೆ ಅಂದುಕೊಳ್ಳಬೇಡಿ. ನಿಮ್ಮ ಮಗನ ಊರಿನಿಂದ ಸ್ವಲ್ಪ ದೂರದಲ್ಲೇ, ನೆಕ್ಕರ್ ನದಿಯ ದಡದಲ್ಲಿ ಟ್ಯೂಬಿಂಗನ್ ಇದೆ. ವಿಶ್ವವಿದ್ಯಾಲಯದ ಸಣ್ಣ ಊರು. 2022ರ ಜನವರಿಯಿಂದ ಅಲ್ಲಿ ಬಿಸಾಡುವ ಕಾಫಿ ಲೋಟಕ್ಕೆ, ಊಟದ ಡಬ್ಬಿಗೆ ತಲಾ 50 ಸೆಂಟ್ ತೆರಿಗೆ. ಚಮಚ, ಫೋರ್ಕಿಗೆ 20 ಸೆಂಟ್. ಊರಿನ ಮೆಕ್‌ಡೊನಾಲ್ಡ್ಸ್ ಶಾಖೆ ನಡೆಸುವವರು ಕೋರ್ಟಿಗೆ ಹೋದರು. ಮೊಕದ್ದಮೆ ಮೇಲೆ ಮೇಲೆ ಹೋಗಿ, 2025ರ ಜನವರಿಯಲ್ಲಿ ದೇಶದ ಸಂವಿಧಾನ ನ್ಯಾಯಾಲಯ ಊರಿಗೆ ಆ ಅಧಿಕಾರ ಇದೆ ಅಂತ ತೀರ್ಪು ಪ್ರಕಟಿಸಿತು. ಕಾನ್‌ಸ್ಟಾನ್ಸ್ ಊರು ಅದೇ ತಿಂಗಳಿಂದ ತೆರಿಗೆ ಶುರು ಮಾಡಿತು. ಬುಟ್ಟಿಯ ಕಸ ನಿಜವಾಗಿ ಎಷ್ಟು ಇಳಿಯಿತು ಅನ್ನುವ ಬಗ್ಗೆ ಟ್ಯೂಬಿಂಗನ್‌ನಲ್ಲೇ ಜಗಳ ಇದೆ. ಆದರೆ ತೊಳೆದು ಕೊಡುವ ಲೋಟ, ಬಟ್ಟಲು ಇಡುವ ಅಂಗಡಿಗಳು ಅಲ್ಲಿ ಹೆಚ್ಚಾಗಿರುವುದು ನಿಜ. ಇದನ್ನು ದೇಶದ ಇನ್ನೊಂದು ನಿಯಮದ ಪಕ್ಕ ಇಟ್ಟು ನೋಡಿ. 2023ರ ಜನವರಿಯಿಂದ ಜರ್ಮನಿಯ ದೊಡ್ಡ ಹೋಟೆಲುಗಳು ಪಾರ್ಸಲ್ ಕೊಡುವಾಗ ಮರುಬಳಕೆಯ ಡಬ್ಬಿಯನ್ನೂ ಇಟ್ಟಿರಬೇಕು. ಇಟ್ಟಿದ್ದಾರೆ. ಕೇಳುವವರು ಬಹಳ ಕಡಿಮೆ. ಬಿಸಾಡುವ ಡಬ್ಬಿ ಬಿಟ್ಟಿಯಾಗಿ ಸಿಗುತ್ತಿರುವಾಗ ಜನ ಇನ್ನೊಂದನ್ನು ಯಾಕೆ ಕೇಳುತ್ತಾರೆ ಹೇಳಿ?

ಡೆನ್ಮಾರ್ಕಿನ ಆರ್ಹುಸ್ ಊರಿನಲ್ಲಿ ಶುರುವಾದದ್ದು ನಿಮಗೆ ಖಂಡಿತ ಹಿಡಿಸುತ್ತದೆ. 2024ರ ಜನವರಿಯಲ್ಲಿ ಊರ ನಡುವಿನ ಹಲವು ಕಾಫಿ ಅಂಗಡಿಗಳು ಸೇರಿ ಒಂದೇ ತರದ ಗಟ್ಟಿ ಲೋಟ ಕೊಡಲು ಶುರು ಮಾಡಿದವು. ಡೆಪಾಸಿಟ್ 5 ಕ್ರೋನ. ಕಾಫಿ ಕುಡಿಯುತ್ತಾ ನಡೆದು ಹೋಗಿ, ಬೀದಿಯಲ್ಲಿರುವ ಯಂತ್ರದ ಬಾಯಿಗೆ ಲೋಟ ಹಾಕಿ, ಬ್ಯಾಂಕ್ ಕಾರ್ಡ್ ತೋರಿಸಿದರೆ ದುಡ್ಡು ವಾಪಸ್. ಯಂತ್ರ ಮಾಡಿದವರು ಟೊಮ್ರಾ, ಬಾಟಲಿ ವಾಪಸ್ ತೆಗೆದುಕೊಳ್ಳುವ ಯಂತ್ರಗಳಿಗೆ ಹೆಸರಾದ ನಾರ್ವೆಯ ಕಂಪನಿ. ಇದೂ ಯಂತ್ರವೇ, ಆದರೆ ಇದು ಅಪ್ಪಚ್ಚಿ ಮಾಡುವುದಿಲ್ಲ. ಲೋಟಗಳು ತೊಳೆಯುವ ಕೇಂದ್ರಕ್ಕೆ ಹೋಗಿ ಮತ್ತೆ ಅಂಗಡಿಗೆ ಬರುತ್ತವೆ. ಮುತ್ತಿನ ಬಾಟಲಿಯ ಗುಟ್ಟೇ ಇಲ್ಲೂ: ಲೋಟ ಒಂದೇ ಅಂಗಡಿಯದಲ್ಲ, ಇಡೀ ಊರಿನದು.

ಇಡೀ ಯೂರೋಪ್ ಒಕ್ಕೂಟಕ್ಕೆ ಈಗ ಪ್ಯಾಕಿಂಗ್ ಬಗ್ಗೆ ಹೊಸ ಕಾನೂನು ಬಂದಿದೆ. 2025ರ ಫೆಬ್ರವರಿಯಲ್ಲಿ ಜಾರಿಯಾಯಿತು. ಅದರ ನಿಯಮಗಳಲ್ಲಿ ಹೆಚ್ಚಿನವು 2026ರ ಆಗಸ್ಟ್‌ನಿಂದ ಅನ್ವಯ. 2030ರ ಹೊತ್ತಿಗೆ ಪಾನೀಯಗಳಲ್ಲಿ ನೂರಕ್ಕೆ 10 ಪಾಲು ಮರುಬಳಕೆಯ ಬಾಟಲಿಯಲ್ಲಿ ಬರಬೇಕು ಅನ್ನುತ್ತದೆ. ಹಾಲು, ವೈನ್‌ಗೆ ವಿನಾಯಿತಿ. 2040ಕ್ಕೆ 40 ಅಂತ ಇದೆ, ಆದರೆ ಅದು ಕಡ್ಡಾಯ ಅಲ್ಲ, ಪ್ರಯತ್ನಿಸಿ ಅಂತ ಮಾತ್ರ. ಒಂದು ಕಾಲಕ್ಕೆ ಒಂದು ದೇಶವೇ 72ರಲ್ಲಿತ್ತು ಅಂತ ಗೊತ್ತಿದ್ದವರಿಗೆ ಈ 10 ನೋಡಿದರೆ ಹೊಟ್ಟೆ ಉರಿಯುತ್ತದೆ. ರೀಸೈಕ್ಲಿಂಗ್ ಚೆನ್ನಾಗಿ ಮಾಡುವ ದೇಶಗಳು ಮರುಬಳಕೆಯ ಗುರಿಯಿಂದ ತಪ್ಪಿಸಿಕೊಳ್ಳಲು ದಾರಿಯನ್ನೂ ಇಟ್ಟಿದ್ದಾರೆ. ನಾವು ಪತ್ರಿಕೆಯಲ್ಲಿ ಮಾಡಿದ ತಪ್ಪನ್ನೇ ಕಾನೂನಿನಲ್ಲೂ ಮಾಡಿದ್ದಾರೆ ಅಂತ ನನ್ನ ಅಭಿಪ್ರಾಯ. 2022ರಲ್ಲಿ ಒಕ್ಕೂಟದ ಒಬ್ಬೊಬ್ಬರ ತಲೆಗೆ 186 ಕಿಲೋ ಪ್ಯಾಕಿಂಗ್ ಕಸ ಬಿದ್ದಿದೆ. ಅಲ್ಲಿ ಬಳಸುವ ಎಲ್ಲಾ ಸಾಮಗ್ರಿ ಲೆಕ್ಕ ಹಾಕಿದರೆ ಹಳೆಯದರಿಂದ ಮತ್ತೆ ಬಂದದ್ದು ನೂರಕ್ಕೆ ಸುಮಾರು 12 ಪಾಲು. ಇಷ್ಟೆಲ್ಲ ಕಸ ಬರುವಾಗ ಬರೀ ಕರಗಿಸಿಕೊಂಡು ಕೂತರೆ ಸಾಲುವುದಿಲ್ಲ.

ಸೋಡಾ ಅಂಗಡಿಯ ಮಾತಿಗೆ ನನ್ನ ತಕರಾರಿಲ್ಲ. ಅದು ಮರುಬಳಕೆಯೇ, ಯೂರೋಪ್ ಈಗ ಹುಡುಕುತ್ತಿರುವುದೂ ಅದನ್ನೇ. ಅಲ್ಲಿಂದ ನಾವು ಕಲಿಯಬೇಕಾದದ್ದು ಬಾಟಲಿ ತೊಳೆಯುವುದನ್ನಲ್ಲ, ಲೆಕ್ಕ ಇಡುವುದನ್ನು, ಕಂಪನಿಗಳನ್ನು ಒಟ್ಟಿಗೆ ಕೂರಿಸುವುದನ್ನು. ರಿಪೇರಿಯ ಮಾತೂ ಹಾಗೇ. 2009ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಮಾರ್ಟಿನೆ ಪೋಸ್ಟ್ಮಾ ಎಂಬ ಪತ್ರಕರ್ತೆ ರಿಪೇರಿ ಕೆಫೆ ಶುರು ಮಾಡಿದರು. ಕೆಟ್ಟ ಮಿಕ್ಸರ್, ಹರಿದ ಕೋಟು ತನ್ನಿ, ಬಲ್ಲವರ ಜೊತೆ ಕೂತು ಸರಿ ಮಾಡಿಕೊಳ್ಳಿ ಅಂತ. ಬೆಂಗಳೂರಿನಲ್ಲೂ ಅಂಥ ಕೆಫೆ 2015ರಿಂದ ನಡೆದಿದೆ. ರಿಪೇರಿ ಬಗ್ಗೆ ಬೇರೆಯೇ ಬರೆಯಬೇಕು, ಬರೆಯುತ್ತೇವೆ.

ಕೊನೆಗೆ ನಿಮ್ಮ ಮಾರ್ಚ್ ಪ್ರಯಾಣ. ಬಾಟಲಿಯ ಚೀಟಿಯನ್ನು ಹತ್ತಿರದಿಂದ ನೋಡಿ. ಒಂದು ಬಾಟಲಿ, ಒಂದು ಡಬ್ಬಿ, ಪಕ್ಕದಲ್ಲಿ ಬಾಗಿದ ಬಾಣ ಇರುವ ಗುರುತು ಕಂಡರೆ ಅದೇ ಅಪ್ಪಚ್ಚಿಯಾಗುವ ಬಾಟಲಿ. ಬಾಣ ನೋಡಿ ಇದು ತಿರುಗಿ ಬರುತ್ತದೆ ಅಂತ ಅಂದುಕೊಳ್ಳಬೇಡಿ. 'ಮೇರ್‌ವೇಗ್' ಅಂತ ಬರೆದದ್ದನ್ನು ಹುಡುಕಿ. ಸೋವಿ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವುದು ಕಷ್ಟ. ಪಾನೀಯಗಳನ್ನೇ ಮಾರುವ ದೊಡ್ಡ ಅಂಗಡಿ ಹೆಚ್ಚಿನ ಊರುಗಳಲ್ಲಿ ಇರುತ್ತದೆ, ಅಲ್ಲಿಗೆ ಹೋಗಿ. ಆದಷ್ಟು ಹತ್ತಿರದ ಊರಿನ ನೀರನ್ನೇ ಆರಿಸಿ, ದೂರದಿಂದ ಲಾರಿಯಲ್ಲಿ ಬಂದರೆ ಗಾಜಿನ ಲಾಭ ಡೀಸೆಲಿಗೆ ಹೋಗುತ್ತದೆ. ಹನ್ನೆರಡು ಮುತ್ತಿನ ಬಾಟಲಿಯ ಕ್ರೇಟಿಗೆ ಡೆಪಾಸಿಟ್ 3 ಯೂರೋ 30 ಸೆಂಟ್: ಬಾಟಲಿಗೆ 15 ಸೆಂಟಿನಂತೆ 1.80, ಕ್ರೇಟಿಗೆ 1.50. ಕ್ರೇಟ್ ಭಾರ ಇರುತ್ತದೆ, ಮಗನನ್ನು ಜೊತೆಗೆ ಕರೆದುಕೊಂಡು ಹೋಗಿ.

ಖಾಲಿ ಕ್ರೇಟನ್ನೂ ಅಲ್ಲಿ ಯಂತ್ರಕ್ಕೇ ತಳ್ಳಬೇಕು, ಕೆಳಗೆ ಅಗಲವಾದ ಬಾಯಿ ಇರುತ್ತದೆ. ತಳ್ಳುವ ಮೊದಲು ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ. ಬಿಳಿ ಪಟ್ಟಿ ಎಷ್ಟು ದಪ್ಪ ಇತ್ತು ಅಂತ ನನಗೆ ಬರೆಯಿರಿ.