ಸಾರಾಂಶ ಬರೆದರೆ ಅಂಕ ಬರಲ್ಲ: ಎಪಿ ಸೆಮಿನಾರ್ ಪ್ರಶ್ನೋತ್ತರ

ಮೊಮ್ಮಗಳು ಅಮೆರಿಕದಲ್ಲಿ ಹೈಸ್ಕೂಲು ಓದುತ್ತಿದ್ದಾಳೆ. ಎಪಿ ಸೆಮಿನಾರ್ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಅಭ್ಯಾಸ ಪರೀಕ್ಷೆಯ 'ಎ' ಭಾಗದಲ್ಲಿ ಲೇಖನವನ್ನು ಪೂರ್ತಿ ವಿವರಿಸಿ ಬರೆದರೂ ಅಂಕ ಕಡಿಮೆ. ಯಾಕೆ?
– ಒಬ್ಬ ಅಜ್ಜ, ಸಪ್ತಾಪುರ, ಧಾರವಾಡ

ಅಜ್ಜಾರೇ, ವಿವರಿಸಿ ಬರೆದಿದ್ದೇ ತೊಂದರೆ. ಈ ಭಾಗದಲ್ಲಿ ಒಂದು ಲೇಖನ, ಮೂರು ಪ್ರಶ್ನೆ, ಸುಮಾರು 30 ನಿಮಿಷ. ಲೇಖಕರ ಮುಖ್ಯ ವಾದ ಏನು, ಅದನ್ನು ಹೇಗೆ ಕಟ್ಟಿದ್ದಾರೆ, ಕೊಟ್ಟ ಪುರಾವೆ ಎಷ್ಟು ಗಟ್ಟಿ. ಮಕ್ಕಳು ಮೂರಕ್ಕೂ ಸಾರಾಂಶ ಬರೆದು ಎದ್ದು ಬರುತ್ತಾರೆ. ಪ್ರತಿ ವರ್ಷ ಇದೇ ಹಾಡು.

'ಚಿಗರಿ ಬಸ್ಸಿನಿಂದ ಹುಬ್ಬಳ್ಳಿ-ಧಾರವಾಡ ರಸ್ತೆಯ ದಟ್ಟಣೆ ಇಳಿಯುತ್ತದೆ' ಅಂತ ಯಾರೋ ಬರೆದರು ಅಂದುಕೊಳ್ಳಿ. ಅವರು ಕೊಡುವ ಕಾರಣ ಹೀಗೆ: ಬಸ್ಸಿಗೆ ಬೇರೆ ಲೇನ್ ಇದೆ, ಅದಕ್ಕೇ ಬೇಗ ಮುಟ್ಟುತ್ತದೆ. ಬೇಗ ಮುಟ್ಟಿದರೆ ಜನ ಬೈಕ್ ಬಿಟ್ಟು ಬಸ್ ಹತ್ತುತ್ತಾರೆ. ಎರಡನೇ ಉತ್ತರದಲ್ಲಿ ಈ ಕೊಂಡಿಗಳನ್ನು ತೋರಿಸಬೇಕು: ಯಾವ ಮಾತು ಯಾವುದಕ್ಕೆ ಆಧಾರ, ಅವೆಲ್ಲ ಸೇರಿ ಮುಖ್ಯ ವಾದಕ್ಕೆ ಹೇಗೆ ಬಂದವು. ನೀವು ಒಪ್ಪುತ್ತೀರೋ ಇಲ್ಲವೋ ಅಂತ ಇಲ್ಲಿ ಯಾರೂ ಕೇಳಿಲ್ಲ.

ಮೂರನೆಯದರಲ್ಲಿ ಕೆದಕಬೇಕು. ಬೇಗ ಮುಟ್ಟುತ್ತದೆ ಅನ್ನೋದಕ್ಕೆ ಪ್ರಯಾಣದ ಸಮಯದ ದಾಖಲೆ ಇದೆಯಾ? ಬೈಕ್ ಬಿಡುತ್ತಾರೆ ಅನ್ನೋದಕ್ಕೆ ಬರೀ ಇಬ್ಬರು ಪ್ರಯಾಣಿಕರ ಮಾತಾ? ಹಾಗಿದ್ದರೆ ಆ ಕೊಂಡಿ ಸಡಿಲ ಅಂತ ಬೆರಳಿಟ್ಟು ತೋರಿಸಲಿ. 'ಲೇಖಕರು ಅಂಕಿಅಂಶ ಕೊಟ್ಟಿದ್ದಾರೆ, ಆದ್ದರಿಂದ ನಂಬಬಹುದು' ಅಂತ ಬರೆಯುತ್ತಾರಲ್ಲ, ಅದು ಉತ್ತರವೇ ಅಲ್ಲ. ಯಾರು ಲೆಕ್ಕ ಹಾಕಿದ್ದು, ಯಾವಾಗಿನದು, ಹೇಳಿದ ಮಾತಿಗೆ ಹೊಂದುತ್ತದಾ?

'ಬಿ' ಭಾಗಕ್ಕೆ 90 ನಿಮಿಷ, ಓದಲು ನಾಲ್ಕು ಬರಹ ಕೊಡುತ್ತಾರೆ. ಕನಿಷ್ಠ ಎರಡನ್ನು ಬಳಸಿ ತಮ್ಮದೇ ವಾದ ಕಟ್ಟಬೇಕು. ಪರೀಕ್ಷೆಯ ಅಂಕದಲ್ಲಿ ಶೇ 70 ಇದಕ್ಕೇ. ಒಂದೊಂದು ಬರಹಕ್ಕೆ ಒಂದೊಂದು ಪ್ಯಾರಾ ಹಂಚಿ ಕೂತರೆ ಅಲ್ಲೂ ಸಾರಾಂಶವೇ ಆಯ್ತು, ಅಲ್ವಾ?

ಈ ಸಲ ಯಾವ ವಿಷಯ ಬರುತ್ತದೆ?
ಗೊತ್ತು ಅನ್ನುವವರ ಹತ್ತಿರ ಹೋಗಬೇಡಿ.

ಮಗನ ಅಕ್ಷರ ಚೆನ್ನಾಗಿಲ್ಲ.
ಪರೀಕ್ಷೆ ಕಂಪ್ಯೂಟರಿನಲ್ಲಿ. ಟೈಪಿಂಗ್ ಕಲಿಯಲಿ.

ಕೊನೆಯ ತಿಂಗಳು ಓದಿದರೆ ಸಾಕಾ?
ಮೇ ತಿಂಗಳ ಪರೀಕ್ಷೆಗೆ ಒಟ್ಟು ಅಂಕದ ಶೇ 45 ಮಾತ್ರ. ತಂಡದ ಪ್ರಾಜೆಕ್ಟಿಗೆ 20, ಸ್ವಂತ ಪ್ರಬಂಧ ಮತ್ತು ಪ್ರೆಸೆಂಟೇಶನ್ನಿಗೆ 35. ಇವೆರಡೂ ಪರೀಕ್ಷೆಗೆ ಮೊದಲೇ ಮುಗಿದಿರುತ್ತವೆ. ಕೊನೆಯ ತಿಂಗಳು ಅಂದರೆ ಯಾವುದು ನಿಮ್ಮ ಪ್ರಕಾರ?

ವಾಟ್ಸಾಪಿನಲ್ಲಿ ರೆಡಿ ಉತ್ತರದ ಟೆಂಪ್ಲೇಟ್ ಮಾರುತ್ತಿದ್ದಾರೆ. ಬಾಯಿಪಾಠ ಮಾಡಿಸಲಾ?
ಸುಮ್ನೆ ದುಡ್ಡು ದಂಡ. ನೋಡೇ ಇಲ್ಲದ ಲೇಖನದ ಕೊಂಡಿಗಳನ್ನು ಬಾಯಿಪಾಠ ಮಾಡುವುದು ಹೇಗೆ? ಈ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನವರೇ ಹಳೆಯ ಪ್ರಶ್ನೆಗಳನ್ನು, ಅಂಕ ಕೊಟ್ಟ ಮಾದರಿ ಉತ್ತರಗಳ ಜೊತೆ ಪುಕ್ಕಟೆ ಹಾಕಿದ್ದಾರೆ. ಕಡಿಮೆ ಅಂಕ ಬಂದ ಉತ್ತರವನ್ನು ಮೊದಲು ಓದಿಸಿ.