ನೀರಿನ ಬಾಟಲಿಯೋ, ಡಾಲ್ಫಿನ್ನೋ?

ಓದುಗರೊಬ್ಬರ ಪತ್ರ: ಕರಾವಳಿಯ ಮಾಲಿನ್ಯ ಅಳೆಯಲು ಶಾರ್ಕ್, ಸೀಲ್, ಡಾಲ್ಫಿನ್‌ಗಳನ್ನು ಪರೀಕ್ಷಿಸುತ್ತಾರಂತೆ. ಒಂದು ಬಾಟಲಿ ನೀರು ಲ್ಯಾಬಿಗೆ ಕೊಟ್ಟರೆ ಸಾಲದೇ? ಇದಕ್ಕಾಗಿ ಆ ಪ್ರಾಣಿಗಳನ್ನು ಕೊಲ್ಲುತ್ತಾರೆಯೇ? ಅಷ್ಟೆಲ್ಲ ಮಾಡಿದರೆ ವಿಷ ಬಿಟ್ಟವರು ಯಾರೆಂದು ಗೊತ್ತಾಗುತ್ತದೆಯೇ?

ಸಂಪಾದಕರ ಉತ್ತರ: ಬಾಟಲಿ ನೀರು ಬೇಕೇ ಬೇಕು. ಆದರೆ ಅದು ತುಂಬಿಸಿಕೊಂಡ ಆ ಗಳಿಗೆಯ ಕಥೆ ಮಾತ್ರ ಹೇಳುತ್ತದೆ. ರಾತ್ರಿ ಕೊಳೆ ಬಿಟ್ಟು ಬೆಳಿಗ್ಗೆ ಅಲೆ ತೊಳೆದುಕೊಂಡು ಹೋದರೆ ಬಾಟಲಿಗೆ ಏನೂ ಸಿಗುವುದಿಲ್ಲ, ಅಲ್ವಾ? ಇನ್ನು ಪಾದರಸ, ಪಿಸಿಬಿ ಎಂಬ ಕಾರ್ಖಾನೆಯ ರಾಸಾಯನಿಕದಂಥವು ನೀರಿನಲ್ಲಿ ಇರುವುದೇ ತೀರಾ ಕಡಿಮೆ. ಅವು ಸೇರಿಕೊಳ್ಳುವುದು ಪ್ರಾಣಿಗಳ ಮೈಯಲ್ಲಿ. ಸೂಕ್ಷ್ಮಜೀವಿಯನ್ನು ಸಣ್ಣ ಮೀನು ತಿನ್ನುತ್ತದೆ, ಅದನ್ನು ದೊಡ್ಡ ಮೀನು, ಅದನ್ನು ಸೀಲ್. ತಿಂದದ್ದು ಕರಗುತ್ತದೆ, ವಿಷ ಮಾತ್ರ ಉಳಿಯುತ್ತದೆ. ಮೇಲಿನ ಮೆಟ್ಟಿಲಿನ ಬೇಟೆಗಾರನ ಮೈಯಲ್ಲಿ ಪಾದರಸದ ಪ್ರಮಾಣ ಸುತ್ತಲಿನ ನೀರಿಗಿಂತ ಹತ್ತು ಲಕ್ಷ ಪಟ್ಟು ಜಾಸ್ತಿ ಇರುವುದೂ ಉಂಟು.

ಕೊಲ್ಲುವ ಮಾತಿಗೆ ಬರೋಣ. ಡಾಲ್ಫಿನ್, ಸೀಲ್‌ಗಳಿಗೆ ಈಗ ಸಾಮಾನ್ಯವಾಗಿ ಅದರ ಅಗತ್ಯ ಇಲ್ಲ. ಡಾಲ್ಫಿನ್ ಉಸಿರಾಡಲು ಮೇಲೆ ಬಂದಾಗ ದೋಣಿಯಿಂದ ಒಂದು ಪುಟ್ಟ ಬಾಣ ಬಿಡುತ್ತಾರೆ. ಅದರ ತುದಿ ಟೊಳ್ಳು. ಬೆನ್ನಿಗೆ ತಾಗಿ, ಚೂರು ಚರ್ಮ, ಚೂರು ಕೊಬ್ಬು ಕಿತ್ತುಕೊಂಡು ಹಿಂದಕ್ಕೆ ಚಿಮ್ಮುತ್ತದೆ, ನೀರಲ್ಲಿ ತೇಲುತ್ತದೆ. ಬಲೆಯಿಂದ ಎತ್ತಿಕೊಂಡರೆ ಮುಗಿಯಿತು. ಹಕ್ಕಿಯಾದರೆ ಒಂದು ಗರಿ ಸಾಕು. ನನಗೆ ಹೆಚ್ಚು ಇಷ್ಟವಾಗುವುದು ಕಡಲಸಿಂಹದ ಮೀಸೆ. ಅದು ವರ್ಷಗಟ್ಟಲೆ ಬೆಳೆಯುತ್ತದೆ. ಒಂದು ಕೂದಲನ್ನು ಸಣ್ಣ ತುಂಡುಗಳಾಗಿ ಕತ್ತರಿಸಿದರೆ ತುದಿಯಲ್ಲಿ ಹಳೆಯ ದಿನಗಳ ಪಾದರಸ, ಬುಡದಲ್ಲಿ ಇತ್ತೀಚಿನದು. ಆಗೆಲ್ಲ ಅದು ಏನು ತಿನ್ನುತ್ತಿತ್ತು ಅನ್ನುವುದರ ಸುಳಿವೂ ಅದೇ ಮೀಸೆಯಲ್ಲಿ ಸಿಗುತ್ತದೆ.

ಸತ್ತು ದಡಕ್ಕೆ ಬಂದವನ್ನೂ ಬಿಡುವುದಿಲ್ಲ. 2016ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಟೈರೀ ದ್ವೀಪದ ದಡದಲ್ಲಿ ಲುಲು ಎಂಬ ಹೆಣ್ಣು ಓರ್ಕಾ (ಡಾಲ್ಫಿನ್ ಕುಟುಂಬದ ದೊಡ್ಡ ಬೇಟೆಗಾರ) ಸತ್ತು ಬಿದ್ದಿತ್ತು. ಹಗ್ಗ ಸುತ್ತಿಕೊಂಡು ಸತ್ತಿತ್ತು, ವಿಷದಿಂದಲ್ಲ. ಆದರೆ ಕೊಬ್ಬು ಪರೀಕ್ಷಿಸಿದಾಗ ಕಿಲೋಗೆ 957 ಮಿಲಿಗ್ರಾಂ ಪಿಸಿಬಿ! ಸಮುದ್ರದ ಸಸ್ತನಿಗಳಿಗೆ ತೊಂದರೆ ಶುರುವಾಗುವುದು ಸುಮಾರು 9 ಮಿಲಿಗ್ರಾಂಗೇ ಅನ್ನುತ್ತಾರೆ ತಜ್ಞರು. ಹಳೆಯ ಟ್ರಾನ್ಸ್‌ಫಾರ್ಮರ್‌ಗಳ ಎಣ್ಣೆಯಲ್ಲಿದ್ದ ಈ ಪಿಸಿಬಿಯನ್ನು ಬ್ರಿಟನ್ ನಿಷೇಧಿಸಿದ್ದು 1981ರಲ್ಲೇ.

ಲುಲು ಒಮ್ಮೆಯೂ ಮರಿ ಹಾಕಿರಲಿಲ್ಲ. ಇದನ್ನು ಸುಮ್ನೆ ಹೇಳುತ್ತಿಲ್ಲ. ಹಾಲೂಡಿಸುವ ತಾಯಿ ತನ್ನ ಕೊಬ್ಬಿನ ವಿಷದ ದೊಡ್ಡ ಪಾಲನ್ನು ಹಾಲಿನ ಮೂಲಕ ಮರಿಗೆ ದಾಟಿಸಿಬಿಡುತ್ತದೆ. ಚೊಚ್ಚಲ ಮರಿಗೆ ಎಲ್ಲಕ್ಕಿಂತ ಹೆಚ್ಚು. ಗಂಡಿಗೆ ಆ ದಾರಿ ಇಲ್ಲ, ಸಾಯುವವರೆಗೂ ಕೂಡುತ್ತಲೇ ಹೋಗುತ್ತದೆ. ಹಾಗಾಗಿ ಒಂದೇ ಕೊಲ್ಲಿಯ ಎರಡು ಡಾಲ್ಫಿನ್‌ಗಳಲ್ಲಿ ಬೇರೆ ಬೇರೆ ಅಂಕಿ ಬಂದರೆ ನೀರು ಬದಲಾಯಿತು ಅಂತಲ್ಲ. ಗಂಡೋ ಹೆಣ್ಣೋ, ವಯಸ್ಸೆಷ್ಟು, ಮರಿ ಹಾಕಿದೆಯೇ ಅಂತ ತಿಳಿಯದೆ ಬರೀ ಅಂಕಿ ಹಿಡಿದುಕೊಂಡು ಗಲಾಟೆ ಮಾಡುವ ಸುದ್ದಿಗಳ ಮೇಲೆ ನನಗೆ ನಂಬಿಕೆ ಕಡಿಮೆ.

ಇನ್ನು ಕಳ್ಳನ ವಿಚಾರ. ದೂರ ದೂರ ಅಲೆಯುವ ಪ್ರಾಣಿ ವಿಷ ಇದೆ ಅನ್ನುತ್ತದೆ, ವಿಳಾಸ ಕೊಡುವುದಿಲ್ಲ. ಓರ್ಕಾ ಯಾವ ದೇಶದ ನೀರಿನಲ್ಲಿ ಯಾವ ಸೀಲ್ ತಿಂದಿತೋ! ಅದಕ್ಕೇ ದಡದ ಹತ್ತಿರವೇ ಬದುಕುವ ಸಣ್ಣ ಬೇಟೆಗಾರರು ಈ ಕೆಲಸಕ್ಕೆ ವಾಸಿ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬ್ರೆಜಿಲ್‌ನ ರಿಯೊ ಡಿ ಜನೈರೊ ಬಳಿಯ 13 ಸಣ್ಣ ಶಾರ್ಕ್‌ಗಳನ್ನು ಪರೀಕ್ಷಿಸಿದಾಗ ಹದಿಮೂರರಲ್ಲೂ ಕೊಕೇನ್ ಸಿಕ್ಕಿತು. ಈ ಜಾತಿ ಕರಾವಳಿ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ, ಹಾಗಾಗಿ ಊರಿನ ಚರಂಡಿ ನೀರಿನ ಮೇಲೆ ಅನುಮಾನ ಬರುವುದು ಸಹಜ. ಅಲ್ಲಿಂದ ಮುಂದಕ್ಕೆ ಕೊಳವೆಯ ಬಾಯಿ ಹುಡುಕಬೇಕಾದರೆ ಜಾಗ ಬಿಟ್ಟು ಕದಲದ ಪಚ್ಚಿಲೆಯಂಥ ಚಿಪ್ಪುಜೀವಿ ಬೇಕು, ತಳದ ಕೆಸರು ಬೇಕು. ಅಮೆರಿಕ 1986ರಿಂದ ತನ್ನ ಕರಾವಳಿಯ ಚಿಪ್ಪುಜೀವಿಗಳನ್ನು ಪರೀಕ್ಷಿಸುತ್ತಾ ಬಂದಿದೆ. ನಿಮ್ಮ ನೀರಿನ ಬಾಟಲಿಗೆ ಸರಿಯಾದ ಕೆಲಸ ಸಿಗುವುದೂ ಆಗಲೇ: ಯಾವ ಕೊಳವೆಯ ಮುಂದೆ ತುಂಬಿಸಬೇಕು ಅಂತ ಗೊತ್ತಾದ ಮೇಲೆ.